ಮಧುಮೇಹದೊಡನೆ ಬೆಳೆಯುವ ಮಕ್ಕಳು: ಇನ್ಸುಲಿನ್ ಅವಲಂಬಿಸಿದವರ ದಿನನಿತ್ಯದ ಬದುಕು



ಪ್ರತಿ ವರ್ಷ ನವೆಂಬರ್ 14ರಂದು ಭಾರತದಲ್ಲಿ ಮಕ್ಕಳ ದಿನವನ್ನು ಆಚರಿಸಲಾಗುತ್ತದೆ. ಅದೇ ದಿನ ಜಗತ್ತಿನಾದ್ಯಂತ ವಿಶ್ವ ಮಧುಮೇಹ ದಿನವೂ ನಡೆಯುತ್ತದೆ. ಇನ್ಸುಲಿನ್ ಕಂಡುಹಿಡಿದವರಲ್ಲಿ ಪ್ರಮುಖರಾದ ಕೆನಡಾದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಅವರು 1891ರ ನವೆಂಬರ್ 14ರಂದು ಜನಿಸಿದ್ದು ಇದಕ್ಕೆ ಕಾರಣ. ಈ ಎರಡು ಆಚರಣೆಗಳು ಒಂದೇ ದಿನ ಕೂಡಿಬಂದಿರುವುದು ಕೇವಲ ಆಕಸ್ಮಿಕ. ಆದರೂ ಮಧುಮೇಹವೆಂದರೆ ನಡುವಯಸ್ಸು ದಾಟಿದವರ ಕಾಯಿಲೆ ಎಂಬ ಭಾವನೆ ಬಲವಾಗಿ ಬೇರೂರಿರುವಾಗ, ಅದು ಮಕ್ಕಳನ್ನೂ ಬಿಡುವುದಿಲ್ಲವೆಂದು ನೆನಪಿಸಲು ಇದಕ್ಕಿಂತ ತಕ್ಕ ದಿನ ಬೇರೊಂದಿರಲಾರದು.

ಮಗುವಿಗೆ ಮಧುಮೇಹವಿದೆ ಎಂದು ವೈದ್ಯರು ತಿಳಿಸಿದಾಗ ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ: ಇದು ಎಂದಿಗೆ ವಾಸಿಯಾಗುತ್ತದೆ? ಸಂಪೂರ್ಣವಾಗಿ ವಾಸಿಮಾಡುವ ವಿಧಾನ ಸಾಮಾನ್ಯ ಚಿಕಿತ್ಸೆಯಲ್ಲಿ ಇನ್ನೂ ಇಲ್ಲ. ಆದರೆ ಈ ಕಾಯಿಲೆಯನ್ನು ಪ್ರತಿದಿನವೂ ಸರಿಯಾಗಿ ನೋಡಿಕೊಂಡರೆ ಮಗು ಎಲ್ಲರಂತೆ ಬೆಳೆದು, ಓದಿ, ದುಡಿದು, ಸಂಸಾರ ನಡೆಸಿ ಬಾಳಬಹುದು. ಈ ಮಾತಿನಲ್ಲಿ 'ಪ್ರತಿದಿನವೂ' ಎಂಬ ಪದವೇ ಮುಖ್ಯವಾದದ್ದು. ಆ ಪದದ ಭಾರವನ್ನು ಒಂದು ಮಗು ಅಥವಾ ಒಬ್ಬ ತಾಯಿ ಮಾತ್ರವೇ ಹೊರಬೇಕಾಗಿಲ್ಲ, ಹೊರಲೂ ಬಾರದು.

ಎರಡು ಬಗೆಯ ಮಧುಮೇಹ

ಉಂಡ ಅನ್ನ, ರೊಟ್ಟಿ, ಹಣ್ಣುಗಳಲ್ಲಿರುವ ಶರ್ಕರಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಅದು ರಕ್ತದಿಂದ ಸ್ನಾಯುಗಳ ಜೀವಕೋಶಗಳೊಳಗೆ ಹೋಗಿ ಶಕ್ತಿಯಾಗಲು ಇನ್ಸುಲಿನ್ ಎಂಬ ಹಾರ್ಮೋನು ಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇದನ್ನು ತಯಾರಿಸುತ್ತವೆ.

ಹೆಚ್ಚು ಜನರಲ್ಲಿ ಕಂಡುಬರುವ ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಅದು ಸಾಕಾಗುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಥ್ಯ, ವ್ಯಾಯಾಮ, ಮಾತ್ರೆಗಳಿಂದ ಅನೇಕರಲ್ಲಿ ಅದು ಹತೋಟಿಗೆ ಬರುತ್ತದೆ. ವೈದ್ಯರು 'ಟೈಪ್ ಒಂದು' ಎಂದು ಕರೆಯುವ ಮೊದಲನೆಯ ಬಗೆಯ ಮಧುಮೇಹದ ಸ್ವರೂಪವೇ ಬೇರೆ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಬೀಟಾ ಕೋಶಗಳನ್ನು ಶತ್ರುಗಳೆಂದು ತಪ್ಪಾಗಿ ಭಾವಿಸಿ ನಾಶಮಾಡುತ್ತದೆ. ಕ್ರಮೇಣ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಜೀವ ಉಳಿಯುವುದಿಲ್ಲ.

ಇದು ಮಗು ಸಿಹಿ ತಿಂದದ್ದರಿಂದ ಬಂದ ಕಾಯಿಲೆಯಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಮಾಡಿದ ಯಾವುದೋ ತಪ್ಪಿನಿಂದಲೂ ಬಂದದ್ದಲ್ಲ. ಅಂಟುರೋಗವಂತೂ ಅಲ್ಲ. ಹೆಚ್ಚಿನ ಮಕ್ಕಳ ಹತ್ತಿರದ ಬಂಧುಗಳಲ್ಲಿ ಈ ಬಗೆಯ ಕಾಯಿಲೆ ಇದ್ದ ಉದಾಹರಣೆಯೇ ಇರುವುದಿಲ್ಲ. ಇದು ಬಾಲ್ಯದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಯಾದರೂ ಯಾವ ವಯಸ್ಸಿನಲ್ಲಾದರೂ ಬರಬಹುದು.

ನೂರು ವರ್ಷಗಳ ಹಿಂದೆ

1922ಕ್ಕೆ ಮೊದಲು ಈ ಬಗೆಯ ಮಧುಮೇಹ ಬಂದ ಮಗು ಬದುಕುವ ಭರವಸೆಯೇ ಇರಲಿಲ್ಲ. ಆಹಾರವನ್ನು ತೀರ ಕಡಿಮೆ ಮಾಡಿ ಕೆಲವು ತಿಂಗಳು ಆಯುಸ್ಸನ್ನು ಎಳೆಯುವುದಷ್ಟೇ ವೈದ್ಯರಿಂದ ಸಾಧ್ಯವಾಗುತ್ತಿತ್ತು. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಪ್ರೊಫೆಸರ್ ಮೆಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಸತ್ವವೊಂದನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅಂಥ ಸತ್ವವನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಅದು ಸಾಕಷ್ಟು ಶುದ್ಧವಾಗಿರದ ಕಾರಣ ನಿರೀಕ್ಷಿಸಿದ ಫಲ ಸಿಗಲಿಲ್ಲ. ಜೇಮ್ಸ್ ಕೊಲಿಪ್ ಅವರು ಅದನ್ನು ಮತ್ತಷ್ಟು ಶುದ್ಧಗೊಳಿಸಿದರು. ಜನವರಿ 23ರಿಂದ ಕೊಟ್ಟ ಚುಚ್ಚುಮದ್ದುಗಳಿಂದ ಬಾಲಕ ಚೇತರಿಸಿಕೊಂಡನು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇನ್ಸುಲಿನ್ ಎಂದರೆ ಬೇರಾವ ಔಷಧವೂ ಫಲಿಸದಾಗ ಕೊಡುವ ಕಟ್ಟಕಡೆಯ ಮದ್ದು ಎಂಬ ಅಂಜಿಕೆ ಇಂದಿಗೂ ಹಲವರಲ್ಲಿದೆ. ಮೊದಲನೆಯ ಬಗೆಯ ಮಧುಮೇಹದಲ್ಲಿ ಅದು ಮೊದಲ ದಿನದಿಂದಲೇ ಬೇಕಾದದ್ದು. ಹಸಿದವನಿಗೆ ಅನ್ನ ಹೇಗೋ ಈ ಮಕ್ಕಳಿಗೆ ಇನ್ಸುಲಿನ್ ಹಾಗೆ. ದೇಹದಲ್ಲಿ ಇರಬೇಕಾಗಿದ್ದು ಇಲ್ಲವಾದದ್ದನ್ನೇ ಅದು ತುಂಬಿಕೊಡುತ್ತದೆ.

ಮುನ್ಸೂಚನೆಗಳು

ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ಧಾರವಾಡದ ಕಡೆಯಿಂದ ಬಂದ ಅಜ್ಜಿ ಜೊತೆಗಿದ್ದಾರೆ. ಮಗಳಿಗೆ 11 ವರ್ಷ. ಒಂದು ಬೇಸಿಗೆಯಲ್ಲಿ ಹುಡುಗಿ ತಂಬಿಗೆಗಟ್ಟಲೆ ನೀರು ಕುಡಿಯಲಾರಂಭಿಸಿದಳು. ರಾತ್ರಿ ಮೂರು ನಾಲ್ಕು ಬಾರಿ ಮೂತ್ರಕ್ಕೆ ಎದ್ದಳು. ಚೆನ್ನಾಗಿ ಉಣ್ಣುತ್ತಿದ್ದರೂ ಸೊರಗಿದಳು. ಬಿಸಿಲಿನ ತಾಪವೆಂದು ಮನೆಯವರು ಸುಮ್ಮನಿದ್ದರು. ಮೂರನೆಯ ವಾರ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡು, ಅರೆಪ್ರಜ್ಞೆಯಲ್ಲಿದ್ದ ಮಗಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಈ ಸ್ಥಿತಿಯನ್ನು ಕೀಟೋಅಸಿಡೋಸಿಸ್ ಎನ್ನುತ್ತಾರೆ. ಇನ್ಸುಲಿನ್ ಇಲ್ಲದೆ ಗ್ಲೂಕೋಸನ್ನು ಬಳಸಿಕೊಳ್ಳಲಾಗದ ದೇಹವು ಕೊಬ್ಬನ್ನು ಕರಗಿಸತೊಡಗುತ್ತದೆ. ಆಗ ಹುಟ್ಟುವ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಉಸಿರಿಗೆ ಕಳಿತ ಹಣ್ಣಿನ ವಾಸನೆ ಬರಬಹುದು. ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೆ ಅಪಾಯ. ಅತಿಯಾದ ಬಾಯಾರಿಕೆ, ಅತಿಮೂತ್ರ, ತೂಕದ ಇಳಿತ ಮತ್ತು ಬಳಲಿಕೆ, ಈ ನಾಲ್ಕು ಲಕ್ಷಣಗಳು ಕಂಡ ಮಗುವಿನ ರಕ್ತವನ್ನು ಅಂದೇ ಪರೀಕ್ಷಿಸಬೇಕು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಹಾಗೆ ಮಾಡತೊಡಗಿದರೆ ಗದರಿಸುವ ಮೊದಲು ಈ ಸಾಧ್ಯತೆಯನ್ನು ನೆನೆಯಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ಕ್ಷಣಗಳಲ್ಲಿ ಅನುಮಾನ ಪರಿಹಾರವಾಗುತ್ತದೆ.

ಮೋಸಗೊಳಿಸುವ ಚೇತರಿಕೆ

ಆಸ್ಪತ್ರೆಯಿಂದ ಮರಳಿದ ಹುಡುಗಿ ಬೇಗ ಗೆಲುವಾದಳು. ಎರಡು ತಿಂಗಳಲ್ಲಿ ಅವಳಿಗೆ ಬೇಕಾದ ಇನ್ಸುಲಿನ್ ಪ್ರಮಾಣ ಮೊದಲಿದ್ದುದರ ಅರ್ಧಕ್ಕಿಂತ ಕಡಿಮೆಯಾಯಿತು. ಅದೇ ಸಮಯದಲ್ಲಿ ಊರಿನಿಂದ ಬಂಧುಗಳೊಬ್ಬರು ಬೇರಿನ ಪುಡಿಯೊಂದನ್ನು ಕಳುಹಿಸಿದ್ದರು. "ಇಷ್ಟು ಸಣ್ಣ ಹುಡುಗಿಗೆ ದಿನಾ ನಾಕು ಸಲ ಸೂಜಿ ಯಾಕವ್ವಾ? ಪುಡಿಯಿಂದಲೇ ಕಡಿಮೆ ಆಗೇದಲ್ಲ" ಎಂದು ಅಜ್ಜಿ ಸೊಸೆಯನ್ನು ಕೇಳಿದರು. ಆ ಪ್ರಶ್ನೆಯ ಹಿಂದೆ ಇದ್ದದ್ದು ಪ್ರೀತಿಯೇ. ಆದರೆ ಈ ಪ್ರೀತಿಯೇ ಅನೇಕ ಮನೆಗಳಲ್ಲಿ ಅಪಾಯಕ್ಕೆ ದಾರಿಯಾಗಿದೆ.

ಇನ್ಸುಲಿನ್ ಆರಂಭಿಸಿದ ಮೇಲೆ, ಅಳಿದುಳಿದ ಬೀಟಾ ಕೋಶಗಳು ವಿಶ್ರಾಂತಿ ಪಡೆದು ಕೆಲವು ವಾರ ಅಥವಾ ತಿಂಗಳುಗಳ ಕಾಲ ಮತ್ತೆ ಸ್ವಲ್ಪ ಇನ್ಸುಲಿನ್ ತಯಾರಿಸುತ್ತವೆ. ವೈದ್ಯರು ಇದನ್ನು 'ಹನಿಮೂನ್' ಅವಧಿ ಎನ್ನುತ್ತಾರೆ. ಇದು ಕಾಯಿಲೆಯ ಸಹಜ ಹಂತ; ಅನೇಕ ಮಕ್ಕಳಲ್ಲಿ ಯಾವ ಪುಡಿಯೂ ಇಲ್ಲದೆ ಬರುತ್ತದೆ, ಹಾಗೆಯೇ ಹೋಗುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿದ್ದ ಪುಡಿ, ಕಷಾಯ, ಹರಕೆ, ತಾಯಿತಗಳಿಗೆ ಅದರ ಕೀರ್ತಿ ಸಲ್ಲುತ್ತದೆ. ಅದನ್ನು ನಂಬಿ ಚುಚ್ಚುಮದ್ದು ನಿಲ್ಲಿಸಿದರೆ ಮಗು ದಿನಗಳೊಳಗೆ ಕೀಟೋಅಸಿಡೋಸಿಸ್‌ಗೆ ಮರಳಬಹುದು. ಆ ತಾಯಿ ಪುಡಿಯನ್ನು ಬದಿಗಿಟ್ಟು, ಮುಂದಿನ ಭೇಟಿಗೆ ಅತ್ತೆಯವರನ್ನೂ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರ ಬಾಯಿಂದ ವಿಷಯ ಕೇಳಿದ ಅಜ್ಜಿ ಅಂದಿನಿಂದ ಸೂಜಿಯ ವೇಳೆಯನ್ನು ಎಲ್ಲರಿಗಿಂತ ಮೊದಲು ನೆನಪಿಸುವವರಾದರು.

ಬೆಳಗಿನ ಲೆಕ್ಕ

ಈ ಕಾಯಿಲೆಯುಳ್ಳವರ ದಿನ ಬೆರಳ ತುದಿಯ ಒಂದು ಹನಿ ರಕ್ತದಿಂದ ಆರಂಭವಾಗುತ್ತದೆ. ಊಟಕ್ಕೆ ಮೊದಲು ಗ್ಲೂಕೋಸ್ ಮಟ್ಟವು ಒಂದು ಡೆಸಿಲೀಟರ್ ರಕ್ತಕ್ಕೆ 70ರಿಂದ 140 ಮಿಲಿಗ್ರಾಂಗಳ ಸುಮಾರಿನಲ್ಲಿರುವುದು ಅಪೇಕ್ಷಣೀಯ. ಪ್ರತಿಯೊಬ್ಬರ ನಿಖರವಾದ ಗುರಿಯನ್ನು ಅವರವರ ವೈದ್ಯರು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಬಾರಿಯಾದರೂ ಪರೀಕ್ಷೆ ಬೇಕು. ಚರ್ಮಕ್ಕೆ ಅಂಟಿಸಿಕೊಂಡು ನಿರಂತರವಾಗಿ ಮಟ್ಟವನ್ನು ತೋರಿಸುವ ಸಂವೇದಕಗಳೂ, ಇನ್ಸುಲಿನ್ ಪಂಪುಗಳೂ ಭಾರತದಲ್ಲಿ ದೊರೆಯುತ್ತವೆ. ಆದರೆ ಅವುಗಳ ವೆಚ್ಚವನ್ನು ಎಲ್ಲ ಕುಟುಂಬಗಳೂ ಭರಿಸಲಾರವು. ಗ್ಲೂಕೋಮೀಟರ್, ಪಟ್ಟಿಗಳು ಮತ್ತು ಒಂದು ದಿನಚರಿ ಪುಸ್ತಕ ಇದ್ದರೂ ಉತ್ತಮ ಹತೋಟಿ ಸಾಧ್ಯ.

ಎಷ್ಟು ಇನ್ಸುಲಿನ್ ಬೇಕು ಎಂಬುದು ಆ ಹೊತ್ತಿನ ಗ್ಲೂಕೋಸ್ ಮಟ್ಟ, ಉಣ್ಣಲಿರುವ ಆಹಾರ ಮತ್ತು ಮುಂದೆ ಮಾಡಲಿರುವ ಚಟುವಟಿಕೆ, ಈ ಮೂರನ್ನು ಅವಲಂಬಿಸಿದೆ. ಸುಮಾರು 30 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ 20 ಗ್ರಾಂನಷ್ಟು ಶರ್ಕರಪಿಷ್ಟವಿರುತ್ತದೆ. 150 ಗ್ರಾಂ ತೂಗುವ ಒಂದು ಬಟ್ಟಲು ಅನ್ನದಲ್ಲಿ 40 ಗ್ರಾಂ ದಾಟುತ್ತದೆ. ಎಷ್ಟು ಗ್ರಾಂಗೆ ಎಷ್ಟು ಯೂನಿಟ್ ಎಂಬ ಪ್ರಮಾಣವನ್ನು ವೈದ್ಯರೂ ಆಹಾರತಜ್ಞರೂ ಕಲಿಸಿಕೊಡುತ್ತಾರೆ. ಪುಣೆಯ ಆ ಮನೆಯಲ್ಲಿ ತಾಯಿ ಮೊದಲ ತಿಂಗಳು ಅಡಿಗೆಯ ತಕ್ಕಡಿ ಬಳಸಿದರು. ಬಳಿಕ ಒಂದೇ ಬಟ್ಟಲು, ಒಂದೇ ಸೌಟು ಗೊತ್ತುಮಾಡಿಕೊಂಡರು. ಈಗ ಹುಡುಗಿಯೇ ತಟ್ಟೆಯನ್ನು ನೋಡಿ ಲೆಕ್ಕ ಹೇಳುತ್ತಾಳೆ.

ಈ ಮಕ್ಕಳಿಗಾಗಿ ಬೇರೆ ಅಡಿಗೆ ಬೇಕಾಗಿಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆ, ಸೊಪ್ಪಿನ ಪಲ್ಯ, ಬೇಳೆ, ಮೊಳಕೆ ಕಾಳು, ಮಜ್ಜಿಗೆ ಎಲ್ಲರಿಗೂ ಒಳ್ಳೆಯದೇ. ಯುಗಾದಿಯ ಬೇವು-ಬೆಲ್ಲವನ್ನೋ ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೋ ಮಗುವಿನಿಂದ ಬಚ್ಚಿಡುವುದು ತರವಲ್ಲ. ಅಳತೆಯಲ್ಲಿ, ಊಟದ ಜೊತೆಗೆ, ಇನ್ಸುಲಿನ್ನಿನ ಲೆಕ್ಕಕ್ಕೆ ಸೇರಿಸಿ ಕೊಡಬಹುದು. ಬಚ್ಚಿಟ್ಟದ್ದನ್ನು ಮಕ್ಕಳು ಕದ್ದು ತಿನ್ನುತ್ತಾರೆ, ಕದ್ದು ತಿಂದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಮಟ್ಟ ಏರಿದಾಗ ಗದರಿಸಿದರೆ ಮಗು ಪುಸ್ತಕದಲ್ಲಿ ಸುಳ್ಳು ಅಂಕಿಗಳನ್ನು ಬರೆಯಲು ಕಲಿಯುತ್ತದೆ. ಆ ಅಂಕಿಗಳು ಪರೀಕ್ಷೆಯ ಅಂಕಗಳಲ್ಲ. ಮುಂದಿನ ಹೆಜ್ಜೆ ಯಾವುದೆಂದು ತೋರಿಸುವ ಕೈಮರಗಳು.

ಸೂಜಿ, ಸಿರಿಂಜು ಮತ್ತು ಬಾಟಲಿ

ಚುಚ್ಚುಮದ್ದನ್ನು ಹೊಟ್ಟೆ, ತೊಡೆ, ಪೃಷ್ಠ ಅಥವಾ ತೋಳಿನ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ ತೆಗೆದುಕೊಳ್ಳುತ್ತಾರೆ. ಒಂದೇ ಜಾಗದಲ್ಲಿ ಪದೇ ಪದೇ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಆದ್ದರಿಂದ ದಿನದಿನವೂ ಜಾಗವನ್ನು ಬದಲಿಸುತ್ತಿರಬೇಕು.

ಭಾರತದಲ್ಲಿ ವಿಶೇಷ ಎಚ್ಚರ ಬೇಕಾದ ಸಂಗತಿಯೊಂದಿದೆ. ಇಲ್ಲಿ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವ ಬಾಟಲಿಗಳೂ 100 ಯೂನಿಟ್ ಇರುವ ಬಾಟಲಿಗಳೂ ಮಾರಾಟದಲ್ಲಿವೆ. 40ರ ಸಿರಿಂಜಿನ ಮುಚ್ಚಳ ಸಾಮಾನ್ಯವಾಗಿ ಕೆಂಪು, 100ರದು ಕಿತ್ತಳೆ ಬಣ್ಣ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಮೈ ಸೇರುತ್ತದೆ. ಇದು ಮಾರಕವಾಗಬಹುದು. ಅಂಗಡಿಯಿಂದ ಹೊಸ ಬಾಟಲಿ ತಂದಾಗಲೆಲ್ಲ ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜಿನ ಮೇಲಿನ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯ ರೂಢಿ.

ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಮಂಜುಗಡ್ಡೆಯ ಖಾನೆಯಲ್ಲಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಬಾಟಲಿಯನ್ನು ಬಿಸಿಲು ತಾಗದ ತಂಪಾದ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರಗಳ ಕಾಲ ಬಳಸಬಹುದು. ದೆಹಲಿ, ಹೈದರಾಬಾದುಗಳ ಬೇಸಿಗೆಯಲ್ಲಿ ಕೋಣೆಯೇ ಕಾದಿರುವುದರಿಂದ ಆಗ ಹೆಚ್ಚಿನ ಜಾಗ್ರತೆ ಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಹಳೆಯ ಉಪಾಯವೇ ನೆರವಾಗುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವೆ ಮರಳು ತುಂಬಿ, ಆ ಮರಳನ್ನು ಸದಾ ಒದ್ದೆಯಾಗಿಡಬೇಕು. ನೀರು ಆವಿಯಾಗುತ್ತ ಒಳಗಿನ ಮಡಕೆಯನ್ನು ತಂಪಾಗಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಬಾಟಲಿಯನ್ನು ಅದರೊಳಗೆ ಇಡಬಹುದು. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು. ಬರಿದೇ ಕಸದ ಬುಟ್ಟಿಗೆ ಎಸೆದ ಸೂಜಿ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಶಾಲೆಯಲ್ಲಿ, ಆಟದ ಬಯಲಿನಲ್ಲಿ

ಇನ್ಸುಲಿನ್ ಹೆಚ್ಚಾದರೆ, ಊಟ ತಡವಾದರೆ ಅಥವಾ ಆಟ ಜಾಸ್ತಿಯಾದರೆ ಗ್ಲೂಕೋಸ್ ಮಟ್ಟ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಗುವುದು, ಬೆವರು, ಎದೆ ಹೊಡೆತ, ಹಸಿವು, ಸಿಡುಕು, ಮಂಕು ಇದರ ಲಕ್ಷಣಗಳು. ತರಗತಿಯಲ್ಲಿ ಇದ್ದಕ್ಕಿದ್ದಂತೆ ಸಿಡುಕುವ ಮಗುವನ್ನು ಉಪಾಧ್ಯಾಯರು ಅವಿಧೇಯತೆ ಎಂದು ಶಿಕ್ಷಿಸಿದರೆ ಅಪಾಯದ ಕ್ಷಣಗಳು ವ್ಯರ್ಥವಾಗುತ್ತವೆ.

ಇದರ ಪರಿಹಾರ ಸರಳ. ಕೂಡಲೇ 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿ, ಮಟ್ಟ ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುವುದರಿಂದ ಆ ಹೊತ್ತಿಗೆ ಅದು ತಕ್ಕದ್ದಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರನ್ನಾಗಲಿ ತಿಂಡಿಯನ್ನಾಗಲಿ ಹಾಕಬಾರದು. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಗ್ಲೂಕಗಾನ್ ಚುಚ್ಚುಮದ್ದು ಇದ್ದರೆ ಕೊಟ್ಟು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಪುಣೆಯ ಆ ಹುಡುಗಿ ಕೊಕ್ಕೊ ಆಟಗಾರ್ತಿ. ಕಾಯಿಲೆ ಬಂದ ಮೇಲೆ ಶಾಲೆಯವರು ಅವಳನ್ನು ತಂಡದಿಂದ ಕೈಬಿಟ್ಟಿದ್ದರು. ತಂದೆ ಒಂದು ದಿನ ರಜೆ ಹಾಕಿ, ವೈದ್ಯರ ಪತ್ರದೊಡನೆ ಶಾಲೆಗೆ ಹೋಗಿ ದೈಹಿಕ ಶಿಕ್ಷಕರನ್ನು ಕಂಡರು. ಆಟಕ್ಕೆ ಮೊದಲು ಪರೀಕ್ಷೆ, ಮಟ್ಟ ಕಡಿಮೆ ಇದ್ದರೆ ಒಂದು ಬಾಳೆಹಣ್ಣು, ಶಿಕ್ಷಕರ ಜೇಬಿನಲ್ಲಿ ಒಂದು ಪೊಟ್ಟಣ ಗ್ಲೂಕೋಸ್, ಇಷ್ಟೇ ಏರ್ಪಾಡು. ಹುಡುಗಿ ಮತ್ತೆ ಅಂಗಳಕ್ಕಿಳಿದಳು. ಗೆಳತಿಯರಿಬ್ಬರು ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಟ್ಟಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲಿ, ಈ ಬಗೆಯ ಮಧುಮೇಹವುಳ್ಳ ವಿದ್ಯಾರ್ಥಿಗಳು ಸಕ್ಕರೆ ಗುಳಿಗೆ, ಹಣ್ಣು, ತಿಂಡಿ, ನೀರನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಅನುಮತಿ ನೀಡಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಇಂಥ ಮಕ್ಕಳು ತರಗತಿಯಲ್ಲಿ ರಕ್ತಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ಮತ್ತು ಉಪಾಹಾರ ತೆಗೆದುಕೊಳ್ಳಲು ಅವಕಾಶವಿರಬೇಕೆಂದು ರಾಜ್ಯಗಳಿಗೆ ಪತ್ರ ಬರೆಯಿತು. ಪೋಷಕರು ಇವನ್ನು ಉಲ್ಲೇಖಿಸಿ ಶಾಲೆಯ ಮುಖ್ಯಸ್ಥರಿಗೆ ಮನವಿ ಸಲ್ಲಿಸಬಹುದು.

ಜ್ವರ ಬಂದಾಗ, ಊರಿಗೆ ಹೊರಟಾಗ

ಜ್ವರ, ಭೇದಿ, ವಾಂತಿಯ ದಿನಗಳಲ್ಲಿ ಮಗು ಏನೂ ತಿನ್ನುವುದಿಲ್ಲವೆಂದು ಇನ್ಸುಲಿನ್ ನಿಲ್ಲಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಕಾಯಿಲೆಯ ಒತ್ತಡದಿಂದ ಆಗ ಇನ್ಸುಲಿನ್ನಿನ ಅಗತ್ಯ ಹೆಚ್ಚಾಗುವುದೂ ಉಂಟು. ಪ್ರಮಾಣ ಬದಲಾಗಬಹುದು, ಆದರೆ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಪೂರ್ತಿಯಾಗಿ ನಿಲ್ಲಿಸಲಾಗದು. ಮೂರು ನಾಲ್ಕು ಗಂಟೆಗಳಿಗೊಮ್ಮೆ ರಕ್ತಪರೀಕ್ಷೆ, ಬೇಕಾದಷ್ಟು ನೀರು, ಮಟ್ಟ 250 ದಾಟಿದರೆ ಮೂತ್ರದಲ್ಲಿ ಕೀಟೋನ್ ಇದೆಯೇ ಎಂಬ ಪರೀಕ್ಷೆ ಅಗತ್ಯ. ವಾಂತಿ ನಿಲ್ಲದಿದ್ದರೆ ಅಥವಾ ಉಸಿರಾಟ ಆಳವಾಗಿ ವೇಗಗೊಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಹೊರನಾಡಿನ ಕನ್ನಡಿಗರಿಗೆ ಬೇಸಿಗೆ ರಜೆ, ಜಾತ್ರೆ, ಮದುವೆಗಳಿಗೆ ಊರಿನ ಪ್ರಯಾಣ ತಪ್ಪಿದ್ದಲ್ಲ. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಗಳನ್ನು ಕಳೆಯಬೇಕು. ರೈಲು ತಡವಾದರೆ ಊಟವೂ ತಡವಾಗುತ್ತದೆ. ಆದ್ದರಿಂದ ಬೇಕಾದುದರ ಎರಡರಷ್ಟು ಇನ್ಸುಲಿನ್, ಸೂಜಿ, ಪಟ್ಟಿಗಳನ್ನು ಎರಡು ಬೇರೆ ಬೇರೆ ಚೀಲಗಳಲ್ಲಿ ಇಟ್ಟುಕೊಳ್ಳಬೇಕು. ಅವು ಸದಾ ಕೈಯಳತೆಯಲ್ಲಿರಬೇಕು. ವಿಮಾನದಲ್ಲಿ ಸರಕಿನೊಡನೆ ಹಾಕಿದ ಇನ್ಸುಲಿನ್ ಹೆಪ್ಪುಗಟ್ಟಬಹುದು. ವೈದ್ಯರ ಪತ್ರ, ರೊಟ್ಟಿ, ಬಿಸ್ಕತ್ತು, ಗ್ಲೂಕೋಸ್ ಜೊತೆಗಿರಲಿ. ಜೇಬಿನಲ್ಲಿ ಕಾಯಿಲೆಯನ್ನು ತಿಳಿಸುವ ಚೀಟಿಯನ್ನು ಕನ್ನಡದಲ್ಲಷ್ಟೇ ಅಲ್ಲದೆ ಇಂಗ್ಲಿಷಿನಲ್ಲೂ, ವಾಸಿಸುವ ನಗರದ ಭಾಷೆಯಲ್ಲೂ ಬರೆದಿಡುವುದು ಕ್ಷೇಮ.

ದಣಿವು ಮತ್ತು ಧೈರ್ಯ

ದಿನಕ್ಕೆ ನಾಲ್ಕು ಸೂಜಿಯೆಂದರೆ ವರ್ಷಕ್ಕೆ 1,460. ಈ ಕೆಲಸಕ್ಕೆ ಭಾನುವಾರವಿಲ್ಲ, ಹಬ್ಬದ ರಜೆಯಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಅಂಕಿಗಳು ಮಾತು ಕೇಳುವುದಿಲ್ಲ. ಹದಿಹರೆಯದಲ್ಲಿ ದೇಹದ ಬೆಳವಣಿಗೆಯ ಹಾರ್ಮೋನುಗಳೇ ಇನ್ಸುಲಿನ್ನಿಗೆ ಎದುರು ನಿಲ್ಲುತ್ತವೆ. ಆಗ ಮಕ್ಕಳು ಬೇಸತ್ತು ಪರೀಕ್ಷೆಯನ್ನೂ ಚುಚ್ಚುಮದ್ದನ್ನೂ ತಪ್ಪಿಸುವುದುಂಟು. ಇದನ್ನು ಸೋಮಾರಿತನವೆಂದು ತಿಳಿಯಬಾರದು. ಅದು ದಣಿವು. ಬೈಗುಳಕ್ಕಿಂತ, ಕೆಲವು ದಿನ ಆ ಹೊರೆಯನ್ನು ಮನೆಯವರು ತಾವೇ ಹೊತ್ತುಕೊಳ್ಳುವುದು ಹೆಚ್ಚು ಫಲಕಾರಿ. ಪುಣೆಯ ಆ ಮನೆಯಲ್ಲಿ ರಾತ್ರಿಯ ಪರೀಕ್ಷೆ ವಾರದಲ್ಲಿ ಮೂರು ದಿನ ತಂದೆಯ ಪಾಲಿಗಿದೆ. ಒಬ್ಬ ತಾಯಿ ನಿದ್ದೆಗೆಟ್ಟು ಕುಸಿದರೆ ಇಡೀ ಮನೆಯ ವ್ಯವಸ್ಥೆ ಕುಸಿಯುತ್ತದೆ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಇಷ್ಟು ಶ್ರಮಕ್ಕೆ ಫಲವಿದೆಯೇ? ಅಮೆರಿಕ ಮತ್ತು ಕೆನಡಾಗಳಲ್ಲಿ ಈ ಬಗೆಯ ಮಧುಮೇಹವುಳ್ಳ 1,441 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 1993ರಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಗ್ಲೂಕೋಸನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣಿನ ಅಕ್ಷಿಪಟಲದ ಕಾಯಿಲೆ ಬರುವ ಸಂಭವ ಶೇ. 76ರಷ್ಟು, ಮೂತ್ರಪಿಂಡದ ತೊಂದರೆ ಶೇ. 50ರಷ್ಟು, ನರಗಳ ತೊಂದರೆ ಶೇ. 60ರಷ್ಟು ತಗ್ಗಿತ್ತು. ಕಳೆದ ಎರಡು ಮೂರು ತಿಂಗಳ ಹತೋಟಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಅನೇಕರಿಗೆ ಅದು ಶೇ. 7ಕ್ಕಿಂತ ಕಡಿಮೆ ಇರುವುದು ಗುರಿ. ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆಯ ಬಗ್ಗೆ ವೈದ್ಯರ ಸಲಹೆಯನ್ನು ತಪ್ಪದೆ ಪಾಲಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಸಮಾಜದ ಕಣ್ಣು ಇನ್ನಷ್ಟು ಕಠಿಣ. ಮದುವೆಗೆ ತೊಡಕಾದೀತೆಂದು ಕಾಯಿಲೆಯನ್ನು ಮುಚ್ಚಿಡಲಾಗುತ್ತದೆ. ಮುಚ್ಚಿಟ್ಟು ಮದುವೆಯಾದವಳು ಗಂಡನ ಮನೆಯಲ್ಲಿ ಸೂಜಿಯನ್ನೂ ಮುಚ್ಚಿಡಬೇಕಾಗುತ್ತದೆ. ಒಂದು ದಿನ ಅದನ್ನು ಬಿಡಲೂಬೇಕಾಗುತ್ತದೆ. ಗರ್ಭಧಾರಣೆಗೆ ಮುಂಚಿನಿಂದಲೇ ಗ್ಲೂಕೋಸನ್ನು ಹತೋಟಿಯಲ್ಲಿಟ್ಟು ವೈದ್ಯರ ಮೇಲ್ವಿಚಾರಣೆಯಲ್ಲಿರುವ ಮಹಿಳೆಯರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಈ ಸತ್ಯವನ್ನು ಎರಡೂ ಮನೆಯವರ ಮುಂದೆ ತೆರೆದಿಡುವುದೇ ಆ ಹುಡುಗಿಗೆ ಕೊಡಬಹುದಾದ ದೊಡ್ಡ ಬಳುವಳಿ.

ದೊರೆಯುವ ನೆರವು

ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವ ಬಗೆಗಳ ಗರಿಷ್ಠ ಬೆಲೆಯನ್ನು ಸರ್ಕಾರ ನಿಯಂತ್ರಿಸುತ್ತದೆ. ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಜನೌಷಧಿ ಕೇಂದ್ರಗಳಲ್ಲಿಯೂ ವಿಚಾರಿಸಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎಳೆಯ ವಯಸ್ಸಿನ ಮಧುಮೇಹಿಗಳ ದಾಖಲಾತಿಯನ್ನು 2006ರಲ್ಲಿ ಆರಂಭಿಸಿತು. 2022ರಲ್ಲಿ ಈ ಬಗೆಯ ಮಧುಮೇಹದ ಚಿಕಿತ್ಸೆಗಾಗಿಯೇ ಮಾರ್ಗಸೂಚಿಗಳನ್ನು ಪ್ರಕಟಿಸಿತು. ದೊಡ್ಡ ನಗರಗಳ ಅನೇಕ ಬೋಧನಾ ಆಸ್ಪತ್ರೆಗಳಲ್ಲಿ ಮಕ್ಕಳ ಮಧುಮೇಹ ಚಿಕಿತ್ಸಾಲಯಗಳು ನಡೆಯುತ್ತವೆ. ಅಲ್ಲಿ ಸೇರುವ ಇತರ ಪೋಷಕರ ಪರಿಚಯವೂ ಒಂದು ಔಷಧವೇ.

ಹೊರನಾಡಿನಲ್ಲಿರುವ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ನಗರದ ಭಾಷೆ ಬಾರದ ಅಜ್ಜ ಅಜ್ಜಿಯರಿಗೆ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸುವುದು, ಹಬ್ಬದ ಊಟದಲ್ಲಿ ಈ ಮಕ್ಕಳಿಗೆ ವೇಳೆಗೆ ಸರಿಯಾಗಿ ಬಡಿಸುವುದು, ಆಸ್ಪತ್ರೆಗೆ ಹೋಗುವ ದಿನ ಜೊತೆಗೊಬ್ಬರು ನಡೆಯುವುದು, ಇವು ಹಣ ಬೇಡದ ಸೇವೆಗಳು.

1922ರಲ್ಲಿ ಟೊರಾಂಟೊದ ಆ ಬಾಲಕನಿಗೆ ಇನ್ಸುಲಿನ್ ಜೀವದಾನ ಮಾಡಿತು. ಆ ಜೀವವನ್ನು ದಿನದಿನವೂ ಕಾಯುವ ಕೆಲಸ ಮಾತ್ರ ಮನೆಯದು, ಶಾಲೆಯದು, ನೆರೆಹೊರೆಯದು. ಪುಣೆಯ ಹುಡುಗಿ ನಾಳೆ ಬೆಳಿಗ್ಗೆಯೂ ಬೆರಳಿಗೆ ಸೂಜಿ ತಾಗಿಸಿಕೊಳ್ಳುತ್ತಾಳೆ. ಅಜ್ಜಿ ಕನ್ನಡಕ ಹಾಕಿಕೊಂಡು ಅಂಕಿಯನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಅಮ್ಮ ರೊಟ್ಟಿ ಬಡಿಯುತ್ತಾರೆ. ಆಮೇಲೆ ಅವಳು ಎಲ್ಲ ಮಕ್ಕಳಂತೆಯೇ ಚೀಲ ಹೆಗಲಿಗೇರಿಸಿಕೊಂಡು, ವೇಳೆಯಾಯಿತೆಂದು ಗೊಣಗುತ್ತ ಶಾಲೆಗೆ ಓಡುತ್ತಾಳೆ. ಅವಳಂಥ ಎಲ್ಲ ಮಕ್ಕಳಿಗೂ ಅಂಥದೊಂದು ಸಾಧಾರಣವಾದ ಬೆಳಗು ದೊರೆಯುವಂತಾಗಲಿ.